ಕಾಯುವ ರಾಳ

ಆ ವರ್ಷ ಕರ್ನಾಟಕದಲ್ಲಿ ಹುಟ್ಟಿದ ಮಕ್ಕಳಿಗಿಂತ ನಿವೃತ್ತರಾದ ಮಾಸ್ತರರೇ ಹೆಚ್ಚು ಎಂದು ಜನ ತಮಾಷೆಗೆ ಹೇಳುತ್ತಿದ್ದರು. ತಮಾಷೆ ಪೂರ್ತಿ ಸುಳ್ಳಾಗಿರಲಿಲ್ಲ. ಧಾರವಾಡದ ಜನನ ವೀಕ್ಷಣಾ ಕೇಂದ್ರದಲ್ಲಿ ಒಂದು ಇಡೀ ಗೋಡೆಯನ್ನು ಆವರಿಸಿದ ರಾಜ್ಯದ ನಕಾಶೆಯಿತ್ತು. ಯಾವುದೇ ಊರಿನ ಆಸ್ಪತ್ರೆಯಲ್ಲಿ ಹೆಣ್ಣುಮಗಳೊಬ್ಬಳು ಬಸುರಿಯೆಂದು ಹೆಸರು ಬರೆಸಿದರೆ ಆ ಊರಿನ ಜಾಗದಲ್ಲಿ ಹಸಿರು ಚುಕ್ಕೆಯೊಂದು ಹೊತ್ತಿಕೊಳ್ಳುತ್ತಿತ್ತು. ಬೀದರಿನಿಂದ ಚಾಮರಾಜನಗರದವರೆಗೆ ಚುಕ್ಕೆಗಳು ವಿರಳವಾಗುತ್ತಲೇ ಬಂದಿದ್ದವು. ಕಪ್ಪತಗುಡ್ಡದ ಬುಡದಲ್ಲಿರುವ ಗಾಳಿಕೇರಿಯ ಜಾಗದಲ್ಲಂತೂ ಒಂದೂ ಇರಲಿಲ್ಲ.

ಗಾಳಿಕೇರಿ ಸಣ್ಣ ಊರೇನಲ್ಲ. ದೇಶದ ಕಡಲತೀರಗಳಲ್ಲಿ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳಲ್ಲಿ ಹೆಚ್ಚಿನವು ಅಲ್ಲಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಒಂದೊಂದು ರೆಕ್ಕೆಯೂ ಫುಟ್‌ಬಾಲ್ ಮೈದಾನಕ್ಕಿಂತ ಉದ್ದ. ಸಾವಿರಾರು ಮಂದಿ ದುಡಿಯುತ್ತಿದ್ದರು, ಬಹುತೇಕ ಎಲ್ಲರೂ ಮೂವತ್ತರ ಆಜೂಬಾಜಿನವರು. ಕೈತುಂಬ ಪಗಾರ, ಒಳ್ಳೆಯ ಆಸ್ಪತ್ರೆ, ಶುದ್ಧ ಗಾಳಿ. ಆದರೂ ಮಕ್ಕಳಿಲ್ಲ.

ಇದಕ್ಕೆ ಪರಿಹಾರವೆಂದೇ ಸರ್ಕಾರ ಅಲ್ಲಿ ಮೊದಲ 'ಮಡಿಲು' ಕೇಂದ್ರವನ್ನು ತೆರೆದಿತ್ತು. ಮಡಿಲು ಎಂದರೆ ಕೃತಕ ಗರ್ಭ. ಕುಂಬಳಕಾಯಿಯಷ್ಟು ದೊಡ್ಡ ಪಾರದರ್ಶಕ ಚೀಲ, ಅದರೊಳಗೆ ಮೈಬಿಸಿಯಷ್ಟೇ ಬೆಚ್ಚಗಿನ ದ್ರವ, ಒಂದು ಬದಿಗೆ ತಾಯಿಯ ಮಾಸಿನ ಕೆಲಸ ಮಾಡುವ ಪೊರೆ. ತಂದೆತಾಯಿಯಿಂದ ಪಡೆದ ಜೀವಕಣಗಳನ್ನು ಸೇರಿಸಿ ಅಲ್ಲಿಟ್ಟರೆ ಒಂಬತ್ತು ತಿಂಗಳಿಗೆ ಮಗು ತಯಾರು. ಹೆಣ್ಣಿಗೆ ವಾಂತಿಯಿಲ್ಲ, ಬೇನೆಯಿಲ್ಲ, ಒಂದು ದಿನವೂ ಕೆಲಸ ತಪ್ಪುವುದಿಲ್ಲ. ಅದನ್ನು ರೂಪಿಸಿದವರು ಭ್ರೂಣವಿಜ್ಞಾನಿ ಡಾ. ಅನಸೂಯಾ ಹೊಂಬಳ. ಹದಿನೈದು ವರ್ಷ ಅದಕ್ಕಾಗಿ ತೇದಿದ್ದ ಅವರು ಗಾಳಿಕೇರಿಯ ಕೇಂದ್ರಕ್ಕೆ ತಾವೇ ಮುಖ್ಯಸ್ಥರಾಗಿ ಹೋದರು. ಮೂವತ್ತು ಮಡಿಲುಗಳನ್ನು ಸಾಲಾಗಿ ಹೂಡಿ ಕಾದರು. ಒಬ್ಬರೂ ಬರಲಿಲ್ಲ.

"ಡಾಕ್ಟ್ರೇ, ಇದು ಹೀಗೇ ಆದ್ರೆ ನಾನು ಮಂತ್ರಿಗಳಿಗೆ ಏನು ಹೇಳ್ಲಿ?" ಅನಸೂಯಾರನ್ನು ಧಾರವಾಡಕ್ಕೆ ಕರೆಸಿ, ನಕಾಶೆಯ ಮುಂದೆ ನಿಂತು ಕೇಳಿದವರು ಜನಸಂಖ್ಯಾ ಇಲಾಖೆಯ ಕಾರ್ಯದರ್ಶಿ ಸಂಪತ್ ಕಿರುಗಾವಲು. ಮಂಡ್ಯದ ಕಡೆಯವರು. ಕೆಟ್ಟವರಲ್ಲ, ಅವಸರದವರು. "ಮುಂದಿನ ವರ್ಷದ ಹೊತ್ತಿಗೂ ಆ ಊರಲ್ಲಿ ಮಕ್ಕಳು ಹುಟ್ಟದೇ ಇದ್ರೆ ಶಾಲೆ ಮುಚ್ತೀವಿ. ಕ್ವಾರ್ಟರ್ಸ್ ತೆಗೆದು ಶಿಬಿರ ಮಾಡ್ತಾರಂತೆ. ಆರು ತಿಂಗಳಿಗೊಂದು ತಂಡ ಬರುತ್ತೆ, ದುಡಿಯುತ್ತೆ, ಹೋಗುತ್ತೆ. ಕಾರ್ಖಾನೆ ಇರುತ್ತೆ, ಊರು ಇರಲ್ಲ."

"ಬೇರೆ ಊರುಗಳು?"

"ಒಂದಾದ ಮೇಲೊಂದು ಅದೇ ದಾರೀನೇ."

ಅನಸೂಯಾ ಗಾಳಿಕೇರಿಗೆ ಮರಳಿದ ಮೇಲೆ ತಾವೇ ಮನೆಮನೆಗೆ ಹೋಗಲು ನಿರ್ಧರಿಸಿದರು. ಮೊದಲು ಹೋದದ್ದು ಶರೀಫಾ ನದಾಫಳ ಮನೆಗೆ. ಶರೀಫಾ ರೆಕ್ಕೆಯ ಅಚ್ಚಿನಲ್ಲಿ ಗಾಜಿನ ನಾರಿನಿಂದ ನೇಯ್ದ ಬಟ್ಟೆ ಹಾಸುವ ತಂಡದವಳು, ವಯಸ್ಸು ಮೂವತ್ತೊಂದು. ಗಡ್ಡೆಯಾಗಿ ಇಪ್ಪತ್ತಾರಕ್ಕೇ ಅವಳ ಗರ್ಭಕೋಶ ತೆಗೆದಿದ್ದರು, ಆದರೆ ಅಂಡಾಶಯ ಆರೋಗ್ಯವಾಗಿತ್ತು. ಮಡಿಲು ಯಾರಿಗಾಗಿ ಹುಟ್ಟಿತೆಂದು ಕೇಳಿದರೆ ಇಂಥವಳಿಗಾಗಿಯೇ ಎಂದು ಅನಸೂಯಾ ಹೇಳುತ್ತಿದ್ದರು. ಇವಳೇ ಒಪ್ಪದಿದ್ದರೆ ಇನ್ನಾರು ಒಪ್ಪುತ್ತಾರೆ?

ಮನೆಯೆಂದರೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಮಂಚ. ಅಡುಗೆಕಟ್ಟೆಯ ಮೇಲಿನ ಕಪಾಟಿನ ಬಾಗಿಲ ತುಂಬ ಸೀಮೆಸುಣ್ಣದ ಬರಹ: 'ಅನ್ನ ಕುಕ್ಕರಿನಾಗ ಐತಿ', 'ಗ್ಯಾಸ್ ತೀರಲಿಕ್ಕೆ ಬಂದೈತಿ', 'ನಿನ್ನ ತಮ್ಮ ಫೋನ್ ಮಾಡಿದ್ದ'. ಮಂಚದ ಮೇಲೆ ಶರೀಫಾಳ ಗಂಡ ದಾವಲ ಬೋರಲು ಮಲಗಿ ಗೊರಕೆ ಹೊಡೆಯುತ್ತಿದ್ದ. ಅವನು ಕ್ರೇನ್ ನಡೆಸುವವನು, ರಾತ್ರಿ ಪಾಳಿ. ಶರೀಫಾಳದು ಹಗಲು ಪಾಳಿ. ಅಂದು ಅವಳ ವಾರದ ರಜೆ. ಅವನ ರಜೆ ಬೇರೆ ದಿನ.

"ಜೋರಾಗಿ ಮಾತಾಡ್ರಿ, ಡಾಕ್ಟರ್. ಅಂವಾ ಏಳಂಗಿಲ್ಲ," ಎಂದು ನಕ್ಕಳು ಶರೀಫಾ, ಚಹಾ ಸೋಸುತ್ತ. "ಎಂಟು ವರ್ಷ ಆತು ಲಗ್ನ ಆಗಿ. ನನ್ನ ಗಂಡ ಎಚ್ಚರಿದ್ದಾಗ ಹ್ಯಾಂಗ ಕಾಣ್ತಾನ ಅಂತ ಮರತೇ ಹೋಗೈತಿ."

ಅನಸೂಯಾ ಮಡಿಲಿನ ಬಗ್ಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಖರ್ಚಿಲ್ಲ, ಅಪಾಯವಿಲ್ಲ, ಮಗು ನಿಮ್ಮದೇ ರಕ್ತ. ಶರೀಫಾ ಪೂರ್ತಿ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಅವಳ ಕಣ್ಣಲ್ಲಿ ಆಸೆ ಮೂಡಿದ್ದನ್ನು ಅನಸೂಯಾ ಸ್ಪಷ್ಟವಾಗಿ ಕಂಡರು. ಆದರೆ ಕೊನೆಗೆ ಅವಳು ತಲೆಯಲ್ಲಾಡಿಸಿದಳು.

"ಬ್ಯಾಡ್ರಿ."

"ಯಾಕಮ್ಮಾ? ಧರ್ಮದ ಅಡ್ಡಿ ಏನಾದ್ರೂ..."

"ಅದೇನೂ ಇಲ್ರಿ. ಒಂಬತ್ತು ತಿಂಗಳು ನಿಮ್ಮ ಯಂತ್ರ ಹೊರತೈತಿ, ಖರೆ. ಹುಟ್ಟಿದ ಮ್ಯಾಲ ಎತ್ತಿಕೊಳ್ಳೋರು ಯಾರ್ರಿ? ನಾ ಹೊಂಟಾಗ ಅಂವಾ ಬರ್ತಾನ, ನಿದ್ದಿ ಹತ್ತಿ ಬಿದ್ದಬಿಡ್ತಾನ. ಅಂವಾ ಹೊಂಟಾಗ ನಾ ಬರ್ತೀನಿ, ನಾ ಬಿದ್ದಬಿಡ್ತೀನಿ. ಕೂಸು ಅತ್ತರ ಯಾರಿಗೆ ಕೇಳಸ್ತದ?" ಅವಳ ದನಿ ಗಡುಸಾಗಿರಲಿಲ್ಲ. "ಹಡಿಯೂದು ಕಷ್ಟ ಅಂತ ನಾವು ಕೂಸು ಬ್ಯಾಡ ಅಂದವರಲ್ರಿ, ಡಾಕ್ಟರ್. ಇಲ್ಲಿ ಬದುಕೂದ ಹಂಗೈತಿ."

ಅನಸೂಯಾ ಬಂದ ದಾರಿಯಲ್ಲೇ ಹಿಂತಿರುಗಿದರು. ಅವರಿಗೆ ಸಿಟ್ಟೂ ಬಂದಿತ್ತು. ಹದಿನೈದು ವರ್ಷದ ಶ್ರಮವನ್ನು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಬೇಡವೆಂದುಬಿಟ್ಟರೆ ಯಾರಿಗೆ ಬರುವುದಿಲ್ಲ? ಆದರೆ ಅವರು ವಿಜ್ಞಾನಿ. ಒಬ್ಬಳ ಮಾತು ಒಬ್ಬಳ ಮಾತಷ್ಟೇ, ಅದು ಊರಿಗೆಲ್ಲ ನಿಜವೇ ಎಂದು ನೋಡಬೇಕು. ದಾರಿಯಲ್ಲಿ ಶಾಲೆ ಸಿಕ್ಕಿತು. ಮುಚ್ಚಲಿರುವ ಶಾಲೆ ಹೇಗಿದೆ ನೋಡೋಣವೆಂದು ಒಳಗೆ ಹೋದರು.

ಒಂದನೆಯ ತರಗತಿಯಲ್ಲಿ ಇಬ್ಬರಿದ್ದರು. ಮೂರನೆಯದರಲ್ಲಿ ಮೂವರು. ನಾಲ್ಕನೆಯದು ಖಾಲಿ. ಆದರೆ ಎರಡನೆಯ ತರಗತಿಯ ಬಾಗಿಲು ತೆರೆದದ್ದೇ ಮಗ್ಗಿಯ ಗದ್ದಲ ಕಿವಿಗೆ ಅಪ್ಪಳಿಸಿತು. ಬೆಂಚುಗಳು ಸಾಲದೆ ಮಕ್ಕಳು ನೆಲದ ಮೇಲೂ ಕೂತಿದ್ದರು.

"ಇದೇನು, ಟೀಚರ್?"

ಎಸ್ತರ್ ಟೀಚರ್ ಬೆಟಗೇರಿಯವರು, ಮೂವತ್ತು ವರ್ಷದಿಂದ ಅಲ್ಲಿ ಕಲಿಸುತ್ತಿದ್ದವರು. "ಇವು ಗಾಳಿ ವರ್ಷದ ಮಕ್ಕಳ್ರಿ," ಎಂದರು ಹೆಮ್ಮೆಯಿಂದ. "ಆ ವರ್ಷ ದೊಡ್ಡ ಬಿರುಗಾಳಿ ಬಂತು. ಕಾರ್ಖಾನಿ ಚಾವಣಿ ಹಾರಿಹೋತು. ಮಳಿಗಾಲ ಮುಗಿಯೋತನಕ ಕೆಲಸ ಬಂದ್. ಪಗಾರ ನಿಲ್ಲಿಸಲಿಲ್ಲ, ವಿಮಾ ಇತ್ತಲ್ಲಾ. ಗಂಡಾ ಹೆಂಡತಿ ಕೂಡೇ ಊಟ ಮಾಡಿದರು, ಕೂಡೇ ತಿರಗಾಡಿದರು. ಮರುವರ್ಷ ಊರ ತುಂಬ ತೊಟ್ಟಿಲ."

"ಆಮೇಲೆ?"

"ಆಮೇಲೆ ಚಾವಣಿ ಹಾಕಿದರು."

ಅನಸೂಯಾ ಆ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ಬಿರುಗಾಳಿ ಅವರ ಪರವಾಗಿ ಒಂದು ಪ್ರಯೋಗ ನಡೆಸಿ, ಉತ್ತರವನ್ನು ಎರಡನೆಯ ತರಗತಿಯಲ್ಲಿ ಕೂರಿಸಿಟ್ಟಿತ್ತು. ಊರು ಅದೇ, ಜನ ಅವರೇ, ಪಗಾರ ಅದೇ. ಬದಲಾದದ್ದು ಸಂಜೆಯೊಂದೇ.

ಮರುದಿನವೇ ಅವರು ಕಾರ್ಖಾನೆಯ ಮುಖ್ಯ ವ್ಯವಸ್ಥಾಪಕಿ ಹೇಮಲತಾ ಮುನವಳ್ಳಿಯವರ ಮುಂದೆ ಕೂತಿದ್ದರು. ಹೇಮಲತಾ ಅಚ್ಚಿನ ಕೋಣೆಯಲ್ಲಿ ಕಿರಿಯ ಎಂಜಿನಿಯರ್ ಆಗಿ ಸೇರಿ ಮೇಲೆ ಬಂದವರು. ಅವರ ಮಗ ಬೆಳಗಾವಿಯಲ್ಲಿ ಅಜ್ಜಿಯ ಹತ್ತಿರ ಬೆಳೆದು ದೊಡ್ಡವನಾಗಿದ್ದ, ತಾಯಿಯನ್ನು 'ನೀವು' ಎನ್ನುತ್ತಿದ್ದ.

"ರಾತ್ರಿ ಪಾಳಿ ನಿಲ್ಲಸ್ರಿ ಅಂದ್ರ ನಿಲ್ಲಸೂದು ಹ್ಯಾಂಗ, ಹೇಳ್ರಿ?" ಹೇಮಲತಾ ಅವರನ್ನು ಗಾಜಿನ ಕಿಟಕಿಯ ಬಳಿಗೆ ಕರೆದೊಯ್ದರು. ಕೆಳಗೆ ದೋಣಿಯಾಕಾರದ ಉದ್ದನೆಯ ಅಚ್ಚಿನಲ್ಲಿ ಗಾಜಿನ ಬಟ್ಟೆಯ ಪದರಗಳು, ಅವುಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ. ಪಂಪುಗಳು ಗಾಳಿಯನ್ನು ಎಳೆದಂತೆ ಜೇನಿನಂಥ ರಾಳ ಬಟ್ಟೆಯೊಳಗೆ ನಿಧಾನವಾಗಿ ಹರಡುತ್ತಿತ್ತು. "ರಾಳಕ್ಕ ಗಟ್ಟಿಕಾರಕ ಬೆರಸಿದ ಕೂಡಲೆ ಅದು ಗಟ್ಟಿಯಾಗಲಿಕ್ಕೆ ಸುರು. ನಡುವ ನಿಲ್ಲಿಸಿದರ ಅರ್ಧ ರೆಕ್ಕೆ ಕಲ್ಲು, ಅರ್ಧ ಒಣಬಟ್ಟಿ. ಎಲ್ಲಾ ಕಸಕ್ಕ. ಅದಕ್ಕ ಒಮ್ಮೆ ಹಿಡದರ ಮುಗಿಯೋತನಕ ಒಂದೂವರೆ ದಿವಸ ಪಾಳಿ ಮ್ಯಾಲ ಪಾಳಿ ಜನ ನಿಂತಿರಬೇಕು. ನಾನೂ ಹಿಂಗ ನಿಂತು ಬಂದಾಕೀನ."

"ಅಂದರೆ ಊರಿನ ಗಡಿಯಾರ ಈ ರಾಳದ ಕೈಯಲ್ಲಿದೆ."

ಹೇಮಲತಾ ಕಿಟಕಿಯಿಂದ ಇತ್ತ ತಿರುಗಿದರು. "ಕೌಜಗೇರಿಯವರನ್ನ ಕಂಡೀರೇನು?" ಎಂದರು.

ಶಿವಯೋಗಿ ಕೌಜಗೇರಿ ಕಾರ್ಖಾನೆಯ ಪ್ರಯೋಗಶಾಲೆಯ ಮುಖ್ಯ ರಸಾಯನವಿಜ್ಞಾನಿ. ಎತ್ತರದ ಆಳು, ದೊಡ್ಡ ದನಿ, ತನ್ನ ಕೆಲಸದ ಬಗ್ಗೆ ಸಂಕೋಚವೇ ಇಲ್ಲದವರು. ಅನಸೂಯಾ ಕೇಳಿದ್ದೇ ತಡ, ಕಪಾಟಿನಿಂದ ಒಂದು ಸೀಸೆ ತೆಗೆದು ಮೇಜಿನ ಮೇಲೆ ಕುಕ್ಕಿದರು.

"ಇದನ್ನ ನಾ ನಾಕು ವರ್ಷದ ಹಿಂದ ಬೆರಸಿಟ್ಟೀನ್ರಿ. ಅಲ್ಲಾಡಸ್ರಿ."

ಸೀಸೆಯೊಳಗಿನ ದ್ರವ ತುಳುಕಿತು.

"ಗಟ್ಟಿಕಾರಕ ಇದರೊಳಗ ಐತಿ. ಆದರ ಸೂಕ್ಷ್ಮ ಕೋಶದೊಳಗ ಬೀಗ ಹಾಕಿ ಇಟ್ಟೀನಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ ಅಂತ ತಿಳೀರಿ. ನಮ್ಮ ಕಿವಿಗೆ ಕೇಳದ ಒಂದು ಗೊತ್ತಾದ ಸ್ವರ ಹಿಡದರ ಮಾತ್ರ ಆ ಗುಳ್ಳೆ ಒಡೀತಾವ. ಅಲ್ಲೀತನಕ ರಾಳ ಸುಮ್ಮನ ಕೂತಿರತೈತಿ." ಸೀಸೆಯ ತಳಕ್ಕೆ ಒಂದು ಪುಟ್ಟ ಧ್ವನಿಯಂತ್ರ ಹಚ್ಚಿ ಗುಂಡಿ ಒತ್ತಿದರು. ಏನೂ ಕೇಳಿಸಲಿಲ್ಲ. ಅವರು ಯಾವುದೋ ಒಂದು ಕತೆ ಹೇಳಿ ಮುಗಿಸುವಷ್ಟರಲ್ಲಿ ಸೀಸೆ ಬಿಸಿಯಾಗಿ, ಒಳಗಿದ್ದದ್ದು ಕಲ್ಲಾಗಿತ್ತು.

"ಇಷ್ಟು ವರ್ಷ ಯಾಕೆ ಇಟ್ಟುಕೊಂಡಿರಿ?"

"ಕಂಪನಿಯವರು ಕೇಳಿದರು, ಇದರಿಂದ ರೆಕ್ಕಿ ಲಗೂನ ಆಗತಾವೇನು ಅಂತ. ಇಲ್ಲ ಅಂದೆ. ಗಟ್ಟಿ ಆಗತಾವೇನು? ಇಲ್ಲ, ಮೊದಲಿನಷ್ಟೇ ಅಂದೆ. ಹಂಗಾದರ ಯಾತಕ್ಕ ಬೇಕು ಅಂದರು." ಕೌಜಗೇರಿ ಸೀಸೆಯನ್ನು ಬೆಳಕಿಗೆ ಹಿಡಿದರು. "ಜನ ಮನೀಗೆ ಹೋಗಬಹುದು ಅನ್ನೂದು ಲಾಭ ಅಂತ ಆವಾಗ ಯಾರೂ ಹಿಡೀಲಿಲ್ಲ. ನಾನೂ ಹೇಳಲಿಲ್ಲ, ಹೊಳೀಲಿಲ್ಲ."

ಮೂವರೂ ಸೇರಿ ಒಂದು ಯೋಜನೆ ಮಾಡಿದರು. ಬಿರುಗಾಳಿಯ ನಂತರ ಬಳಸದೆ ಬಿಟ್ಟಿದ್ದ ಹಳೆಯ ಶೆಡ್ಡನ್ನು ಮತ್ತೆ ತೆರೆದರೆ, ಒಂದು ಅಚ್ಚನ್ನು ರಾತ್ರಿಹಗಲು ನಡೆಸುವ ಬದಲು ಮೂರು ಅಚ್ಚುಗಳನ್ನು ಹಗಲಲ್ಲೇ ನಡೆಸಬಹುದು. ಹೇಮಲತಾ ಕೇಂದ್ರ ಕಚೇರಿಯೊಂದಿಗೆ ವಾರಗಟ್ಟಲೆ ಗುದ್ದಾಡಿ ಒಂದು ರೆಕ್ಕೆಗೆ ಅನುಮತಿ ತಂದರು. ಒಂದೇ ಒಂದು. ಅದು ಕೆಟ್ಟರೆ ಮಾತು ಅಲ್ಲಿಗೆ ಮುಗಿಯಿತು. ಶರೀಫಾಳ ತಂಡವೇ ಆ ರೆಕ್ಕೆಗೆ ಬಟ್ಟೆ ಹಾಸಿತು. ಆ ರೆಕ್ಕೆ ಮುಗಿಯುವವರೆಗೆ ರಾತ್ರಿ ಪಾಳಿ ನಿಲ್ಲಿಸಿ, ದಾವಲನೂ ಸೇರಿ ಎಲ್ಲರನ್ನೂ ಹಗಲು ಪಾಳಿಗೆ ಕರೆಸಿಕೊಂಡರು.

ಮಾರ್ಚ್ ತಿಂಗಳು, ಗುಡ್ಡದ ಕಡೆಯಿಂದ ಬಿಸಿಗಾಳಿ. ಬೆಳಿಗ್ಗೆ ರಾಳ ಬಿಟ್ಟರು. ಮಧ್ಯಾಹ್ನಕ್ಕೆ ಅದು ಮೂರನೆಯ ಒಂದು ಭಾಗ ದಾಟಿತ್ತು, ಸಂಜೆಗೆ ಅರ್ಧ. ಆರು ಗಂಟೆಗೆ ಹೇಮಲತಾ ಸೈರನ್ ಹಾಕಿಸಿದರು. ಪಂಪುಗಳ ಸದ್ದು ಇಳಿಯಿತು. ಯಾರೂ ಕದಲಲಿಲ್ಲ. ಅರ್ಧ ತೊಯ್ದ ರೆಕ್ಕೆಯನ್ನು ಬಿಟ್ಟು ಹೋಗುವುದೆಂದರೆ ಅವರಿಗೆ ಒಲೆಯ ಮೇಲೆ ಹಾಲಿಟ್ಟು ಊರಿಗೆ ಹೋದಂತೆ.

"ಹೋಗ್ರಿ," ಎಂದರು ಹೇಮಲತಾ. "ನಾಳೆ ಬರ್ರಿ."

ಅಂದು ಗಾಳಿಕೇರಿ ಗಾಳಿ ವರ್ಷದ ನಂತರ ಮೊದಲ ಬಾರಿ ತನ್ನನ್ನೇ ತಾನು ಕಂಡಿತೆನ್ನಬೇಕು. ಗೇಟಿನಿಂದ ಅಷ್ಟೂ ಜನ ಒಟ್ಟಿಗೆ ಹೊರಬಿದ್ದರು. ಬಸ್‌ಸ್ಟ್ಯಾಂಡಿನ ಗಿರಮಿಟ್ಟಿನ ಅಂಗಡಿಯಲ್ಲಿ ಕ್ಷಣಾರ್ಧದಲ್ಲಿ ಚುರಮುರಿ ಖಾಲಿಯಾಯಿತು. ಒಂದೇ ಬೀದಿಯಲ್ಲಿ ವರ್ಷಗಟ್ಟಲೆ ಇದ್ದವರು ಪರಸ್ಪರ ಹೆಸರು ಕೇಳಿಕೊಂಡರು. ಗಂಡಹೆಂಡಿರು ಹೊಸದಾಗಿ ಲಗ್ನವಾದವರಂತೆ ಒಂದು ಮಾರು ದೂರ ನಿಂತು, ಏನು ಮಾತಾಡಬೇಕೆಂದು ತಿಳಿಯದೆ ನಕ್ಕರು. ಶರೀಫಾ ಮತ್ತು ದಾವಲ ಕೆರೆಯ ದಂಡೆಯವರೆಗೆ ನಡೆದು ಹೋದರು.

"ನಿನ್ನ ಕೂದಲಾ ಬೆಳ್ಳಗಾಗ್ಯಾವಲ್ಲಾ," ಎಂದಳು ಶರೀಫಾ.

"ಯಾವಾಗೋ ಆಗ್ಯಾವ. ಈಗ ನೋಡಿದೀ," ಎಂದ ದಾವಲ.

ಬೆಳಿಗ್ಗೆ ಎಲ್ಲರೂ ಹೊತ್ತಿಗೆ ಮುಂಚೆಯೇ ಬಂದರು. ಕೌಜಗೇರಿ ಅಚ್ಚಿನ ಉದ್ದಕ್ಕೂ ನಡೆಯುತ್ತ ಬೆರಳಿನಿಂದ ಹೊದಿಕೆಯನ್ನು ಒತ್ತುತ್ತ ಹೋದರು. ಮೆತ್ತಗಿದೆ, ಮೆತ್ತಗಿದೆ, ಮೆತ್ತಗಿದೆ. ಬುಡದ ಹತ್ತಿರ ಬಂದಾಗ ಅವರ ಕೈ ನಿಂತಿತು. ಅಲ್ಲಿ ಚಾಪೆಯಗಲದ ಜಾಗ ಕಲ್ಲಾಗಿತ್ತು. ಹಿಂದಿನ ದಿನ ಪಶ್ಚಿಮದ ಕಿಟಕಿಯಿಂದ ಬಿದ್ದ ಬಿಸಿಲಿನ ಕಾವು ಅಲ್ಲಿಯ ಗುಳ್ಳೆಗಳನ್ನು ಹೊತ್ತಿಗೆ ಮೊದಲೇ ಒಡೆದಿತ್ತು.

ಅನಸೂಯಾ ಹೇಮಲತಾರ ಮುಖ ನೋಡಿದರು. ಹೇಮಲತಾ ಕೌಜಗೇರಿಯವರ ಮುಖ ನೋಡಿದರು. ಕೌಜಗೇರಿಯವರ ದೊಡ್ಡ ದನಿ ಅಂದು ಸಣ್ಣಗಾಗಿತ್ತು. "ನನ್ನ ತಪ್ಪು. ಕಿಟಕಿಗೆ ಪರದೆ ಹಾಕಬೇಕಿತ್ತು. ಆದರ..." ಅವರು ಮತ್ತೆ ಅಚ್ಚಿನತ್ತ ಬಾಗಿದರು. "ಹಳೇ ರಾಳಾ ಆಗಿದ್ದರ ಈಗ ಅಳಬೇಕಿತ್ತು. ಇದು ಉಳಿದ ಕಡೆ ಇನ್ನೂ ಹಸಿ ಐತಿ. ನಮಗ ಬೇಕಾದಷ್ಟು ಹೊತ್ತು ಐತಿ. ಈ ತುಂಡು ಕತ್ತರಿಸಿ ತೆಗದು, ಬ್ಯಾರೇ ಪದರು ಹಾಸಿದರ?"

"ಹಾಸೋಣು," ಎಂದಳು ಶರೀಫಾ, ಆಗಲೇ ತೋಳು ಮಡಚುತ್ತ.

ಅವಳ ತಂಡ ಆ ದಿನವಿಡೀ ಬುಡದಲ್ಲಿ ಬಾಗಿ ಕೂತಿತು. ಗಟ್ಟಿಯಾದ ಭಾಗವನ್ನು ಅಂಚು ಕೆಡದಂತೆ ಕೊರೆದು ತೆಗೆದರು. ಪದರದ ಮೇಲೆ ಪದರ ಹಾಸಿದರು. ಯಾರಿಗೂ ಅವಸರವಿರಲಿಲ್ಲ. ಅಂದೂ ಆರಕ್ಕೆ ಸೈರನ್ ಆಯಿತು, ಅಂದೂ ಮನೆಗೆ ಹೋದರು. ಮೂರನೆಯ ದಿನ ರಾಳ ತುದಿ ಮುಟ್ಟಿತು. ಕೌಜಗೇರಿ ಅಚ್ಚಿನ ಕೆಳಗಿನ ಧ್ವನಿಯಂತ್ರಗಳನ್ನು ಒಂದೊಂದಾಗಿ ಚಾಲೂ ಮಾಡಿದರು. ಯಾರ ಕಿವಿಗೂ ಕೇಳದ ಆ ಸ್ವರ ಬುಡದಿಂದ ತುದಿಯವರೆಗೆ ಹರಿಯಿತು. ಹೊದಿಕೆಯ ಮೇಲೆ ಬಿಸಿಯ ಹಬೆ ಎದ್ದಿತು.

ಹೊರತೆಗೆದ ರೆಕ್ಕೆಯನ್ನು ದಾವಲ ಕ್ರೇನಿನಿಂದ ಎತ್ತಿ ಪರೀಕ್ಷಾ ಕಂಬಕ್ಕೆ ಸಿಕ್ಕಿಸಿದ. ಬಿರುಗಾಳಿಯ ಬಲಕ್ಕೆ ಅದನ್ನು ಬಗ್ಗಿಸಿದರು. ಅದು ಬಿಲ್ಲಿನಂತೆ ಬಾಗಿತು, ಬಿಟ್ಟಾಗ ನೆಟ್ಟಗಾಯಿತು. ಮತ್ತೆ ಬಗ್ಗಿಸಿದರು, ಮತ್ತೆ ನೆಟ್ಟಗಾಯಿತು. ತೇಪೆ ಹಾಕಿದ ಜಾಗದಲ್ಲಿ ಕೂದಲಿನಷ್ಟೂ ಬಿರುಕಿರಲಿಲ್ಲ. ಪರೀಕ್ಷಕ ಕೈ ಎತ್ತಿ ತೋರಿಸಿದಾಗ ಶೆಡ್ಡಿನಲ್ಲೆದ್ದ ಕೂಗು ಶಾಲೆಯವರೆಗೂ ಕೇಳಿಸಿ, ಎರಡನೆಯ ತರಗತಿಯವರು ಮಗ್ಗಿ ಬಿಟ್ಟು ಹೊರಗೋಡಿ ಬಂದರು.

ಆಮೇಲಿನದು ಒಂದೇ ದಿನದಲ್ಲಿ ಆದದ್ದಲ್ಲ. ಮೂರು ಅಚ್ಚುಗಳನ್ನು ಹೊಂದಿಸಲು ಮಳೆಗಾಲ ಕಳೆಯಿತು. ಮೊದಲು ರೆಕ್ಕೆಗಳ ಸಂಖ್ಯೆ ಇಳಿಯಿತು, ಕೇಂದ್ರ ಕಚೇರಿ ಗುರುಗುಟ್ಟಿತು, ಹೇಮಲತಾ ಜಗ್ಗಲಿಲ್ಲ. ದಣಿದ ಕೈಗಳ ತಪ್ಪುಗಳು ನಿಂತು ತಿರಸ್ಕೃತ ರೆಕ್ಕೆಗಳು ಕಡಿಮೆಯಾದಾಗ ಲೆಕ್ಕ ತಾನಾಗಿ ಸರಿಹೋಯಿತು. ಆಗ ಕಾರ್ಮಿಕರ ಸಂಘ ಇನ್ನೊಂದು ಮಾತು ಎತ್ತಿತು: ಒಂದು ಕೋಣೆಯಲ್ಲಿ ಸಂಸಾರ ಆಗುವುದಿಲ್ಲ. ಬರಲಿರುವ ಶಿಬಿರಕ್ಕೆಂದು ಕಂಪನಿ ಆಗಲೇ ಕಟ್ಟಿಸಿದ್ದ ಹೊಸ ಕಟ್ಟಡ ಖಾಲಿ ಬಿದ್ದಿತ್ತು. ಅದನ್ನು ಊರಿಗೇ ಬಿಟ್ಟುಕೊಟ್ಟು, ಎರಡೆರಡು ಕೋಣೆಗಳ ನಡುವಿನ ಗೋಡೆ ಒಡೆಯಲು ಕಂಪನಿ ಒಪ್ಪಿತು. ಒಡೆಯುವವರಿಗಾಗಿ ಜನ ಕಾಯಲಿಲ್ಲ. ಒಂದು ಭಾನುವಾರ ಹಾರೆ, ಸುತ್ತಿಗೆ ಹಿಡಿದು ತಾವೇ ಇಳಿದರು. ಎಸ್ತರ್ ಟೀಚರ್ ಕೂಡ ಸೆರಗು ಸಿಕ್ಕಿಸಿಕೊಂಡು ನಾಲ್ಕು ಏಟು ಹಾಕಿದರು. ಗಂಡಸರಿಗೂ ಹೆಂಗಸರಿಗೂ ಮಗುವಾದರೆ ಆರು ತಿಂಗಳ ರಜೆ ಎಂಬ ನಿಯಮವೂ ಬಂತು.

ಯಾರಿಗೂ ಮಕ್ಕಳು ಮಾಡಿಕೊಳ್ಳಿರೆಂದು ಯಾರೂ ಹೇಳಲಿಲ್ಲ. ಬೇಡವೆಂದವರು ಬೇಡವೆಂದೇ ಇದ್ದರು. ಅವರಿಗೆ ಸಂಜೆಗಳು ಸಂಜೆಗಳಾಗಿಯೇ ದಕ್ಕಿದವು. ಒಬ್ಬರು ತಬಲಾ ಕಲಿತರು, ಮತ್ತೊಬ್ಬರು ಕೆರೆಯ ದಂಡೆಗೆ ಬೇವಿನ ಸಾಲು ನೆಟ್ಟರು. ಆದರೆ ಬೇಕೆಂದು ಒಳಗೊಳಗೇ ಅಂದುಕೊಂಡು ಸುಮ್ಮನಿದ್ದವರು ಎಷ್ಟು ಮಂದಿಯೆಂಬುದು ಆಗ ಬೆಳಕಿಗೆ ಬಂತು. ಧಾರವಾಡದ ನಕಾಶೆಯಲ್ಲಿ ಗಾಳಿಕೇರಿಯ ಜಾಗದಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿತು. ಆಮೇಲೆ ಇನ್ನೊಂದು. ವರ್ಷ ಕಳೆಯುವಷ್ಟರಲ್ಲಿ ಕಪ್ಪತಗುಡ್ಡದ ಬುಡ ಹಸಿರು ಹಬ್ಬಿದಂತೆ ಕಂಡಿತು.

ಇಷ್ಟಾದರೂ ಅನಸೂಯಾ ಅವರ ಕೇಂದ್ರದಲ್ಲಿ ಮೂವತ್ತು ಮಡಿಲುಗಳೂ ಖಾಲಿಯೇ ಇದ್ದವು. ಅವರು ಅದಕ್ಕೆ ಮನಸ್ಸನ್ನು ಒಗ್ಗಿಸಿಕೊಂಡಿದ್ದರು. ಒಂದು ಸಂಜೆ ಶರೀಫಾ ಮತ್ತು ದಾವಲ ಬಾಗಿಲಲ್ಲಿ ಬಂದು ನಿಂತರು. ದಾವಲ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

"ಡಾಕ್ಟರ್, ಆವತ್ತು ಬ್ಯಾಡ ಅಂದಿದ್ದೆ," ಎಂದಳು ಶರೀಫಾ. "ಈಗ ಎತ್ತಿಕೊಳ್ಳಲಿಕ್ಕೆ ಇಬ್ಬರದೀವ್ರಿ."

ಅನಸೂಯಾ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು.

ಆ ಮಗು ಮಡಿಲಿನಲ್ಲಿ ಬೆಳೆಯುತ್ತಿದ್ದ ಕಾಲಕ್ಕೇ ಕಾರ್ಯದರ್ಶಿ ಸಂಪತ್ ಅವರಿಂದ ಕರೆ ಬಂತು. ಅನಸೂಯಾ ಧಾರವಾಡಕ್ಕೆ ಹೋದಾಗ ನಕಾಶೆಯ ಮುಂದೆ ಅವರು ಕೈಕಟ್ಟಿ ನಗುತ್ತ ನಿಂತಿದ್ದರು.

"ನೋಡಿದ್ರಾ! ನಾನು ಹೇಳಿರ್ಲಿಲ್ವಾ? ಬೆಳಗಾವಿ ಅಧಿವೇಶನದಲ್ಲಿ ಮಂತ್ರಿಗಳು ಘೋಷಣೆ ಮಾಡ್ತಾರೆ. 'ಮಡಿಲು ಯೋಜನೆಯ ಜಯ'. ಎಲ್ಲಾ ಜಿಲ್ಲೆಗೂ ಮಡಿಲು ಕೇಂದ್ರ. ನಿಮ್ಮ ಹೆಸರು ದೇಶಕ್ಕೆಲ್ಲಾ ಗೊತ್ತಾಗುತ್ತೆ, ಡಾಕ್ಟ್ರೇ."

"ಸರ್, ಇಷ್ಟು ಚುಕ್ಕೆಗಳಲ್ಲಿ ಮಡಿಲಿನದು ಒಂದೇ ಒಂದು."

ಸಂಪತ್ ಅವರ ನಗು ನಿಂತಿತು. "ಒಂದಾ? ಉಳಿದವು?"

"ಉಳಿದವರೆಲ್ಲ ಆರು ಗಂಟೆಗೆ ಮನೆಗೆ ಹೋಗ್ತಾರೆ."

"ಇದನ್ನ ಹೇಗ್ರೀ ಘೋಷಣೆ ಮಾಡೋದು?" ಎಂದರು ಅವರು ನಿಜವಾದ ಗೊಂದಲದಿಂದ. "ಯಂತ್ರ ಅಂದ್ರೆ ಜನಕ್ಕೆ ತೋರಿಸಬಹುದು. ಸಂಜೆ ಅಂದ್ರೆ ಏನು ತೋರಿಸೋದು? ನೋಡಿ, ನಿಮ್ಮದೇ ಕೆಲಸ ಇದು. ಯಾಕೆ ಬೇಡ ಅಂತೀರಿ?"

ಅನಸೂಯಾ ನಕಾಶೆಯನ್ನೇ ನೋಡುತ್ತಿದ್ದರು. ಗಾಳಿಕೇರಿಯ ಸುತ್ತ ಕತ್ತಲೆಯ ಊರುಗಳಿದ್ದವು. ಬಟ್ಟೆ ಹೊಲಿಯುವ ಊರುಗಳು, ಬ್ಯಾಟರಿ ಮಾಡುವ ಊರುಗಳು, ಉಕ್ಕಿನ ಊರುಗಳು. ಈಗ ಸುಮ್ಮನಿದ್ದರೆ ಅಲ್ಲೆಲ್ಲ ಮಡಿಲುಗಳು ಹೋಗುತ್ತವೆ, ಖಾಲಿ ಕೂತಿರುತ್ತವೆ. ಪಾಳಿಗಳು ಇದ್ದಂತೆಯೇ ಇರುತ್ತವೆ.

"ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ, ಸರ್," ಎಂದರು. "ಗರ್ಭಕೋಶ ಇಲ್ಲದವಳಿಗೆ ಅದು ಗರ್ಭಕೋಶ. ಆದರೆ ಮನೆ ಇಲ್ಲದವರಿಗೆ ಅದು ಮನೆ ಆಗೋದಿಲ್ಲ. ಹೊತ್ತಿಲ್ಲದವರಿಗೆ ಹೊತ್ತು ಕೊಡೋದಿಲ್ಲ. ಅಧಿವೇಶನಕ್ಕೆ ನನ್ನನ್ನೇ ಕರೀರಿ. ಇದನ್ನೇ ಹೇಳ್ತೀನಿ."

ಸಂಪತ್ ಮತ್ತೆ ನಕಾಶೆಯತ್ತ ತಿರುಗಿದರು. ತಾವು ಮಗಳ ಮೊದಲ ಹೆಜ್ಜೆಯನ್ನು ಫೋನಿನಲ್ಲಿ ನೋಡಿದವರೆಂದು ಅವರು ಆಮೇಲೆ ಎಂದೋ ಹೇಳಿದರಂತೆ. ಅಂದು ಮಾತ್ರ, "ಬನ್ನಿ, ಹೇಳಿ. ನೋಡೋಣ," ಎಂದಷ್ಟೇ ಹೇಳಿದರು.

ಬೆಳಗಾವಿಗೆ ಅನಸೂಯಾ ಒಬ್ಬರೇ ಹೋಗಲಿಲ್ಲ. ಹೇಮಲತಾ ಹೋದರು, ಕೌಜಗೇರಿ ಹೊಸ ರಾಳದ ಸೀಸೆಯೊಂದಿಗೆ ಹೋಗಿ ಶಾಸಕರ ಕೈಯಲ್ಲೇ ಅದನ್ನು ಕಲ್ಲಾಗಿಸಿ ತೋರಿಸಿದರು. ಎಸ್ತರ್ ಟೀಚರ್ ಗಾಳಿ ವರ್ಷದ ಮಕ್ಕಳನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿದರು. ಅಂಕಿಅಂಶಗಳಿಗಿಂತ ಆ ಗಲಾಟೆಯೇ ಹೆಚ್ಚು ಜನರ ಮನಸ್ಸಿಗೆ ನಾಟಿತೆಂದು ಪತ್ರಿಕೆಗಳು ಬರೆದವು. ಚರ್ಚೆ ಎರಡು ಅಧಿವೇಶನ ನಡೆಯಿತು. ಕೊನೆಗೆ ಬಂದದ್ದೇ ಇಂದು ನಾವೆಲ್ಲ 'ಸಂಜೆ ಕಾಯ್ದೆ' ಎನ್ನುವ ಕಾಯ್ದೆ. ನಡುವೆ ನಿಲ್ಲಿಸಬಹುದಾದ ಯಾವ ಕೆಲಸಕ್ಕೂ ರಾತ್ರಿ ಪಾಳಿ ಕೂಡದು. ನಿಲ್ಲಿಸಲಾಗದ್ದನ್ನು ನಿಲ್ಲಿಸುವಂತೆ ಮಾಡುವ ಸಂಶೋಧನೆಗೆ ಸರ್ಕಾರವೇ ನೆರವು ಕೊಡಬೇಕು. ಉಕ್ಕಿನವರು, ಬಟ್ಟೆಯವರು, ಔಷಧದವರು ಒಬ್ಬೊಬ್ಬರಾಗಿ ತಮ್ಮ ತಮ್ಮ 'ಕಾಯುವ ರಾಳ'ವನ್ನು ಹುಡುಕತೊಡಗಿದರು. ದೂರದ ದೇಶಗಳಿಂದ ಜನ ಗಾಳಿಕೇರಿಯನ್ನು ನೋಡಲು ಬಂದರು. ನಮ್ಮವರು ಅವರಿಗೆ ಗಿರಮಿಟ್ಟು ತಿನ್ನಿಸಿ ಕಳಿಸಿದರು.

ಆದರೆ ಇದೆಲ್ಲಕ್ಕಿಂತ ಮೊದಲು, ಕಾಯ್ದೆಯ ಚರ್ಚೆ ಇನ್ನೂ ನಡೆದಿದ್ದಾಗಲೇ, ಒಂದು ಬೆಳಿಗ್ಗೆ ಮಡಿಲು ಕೇಂದ್ರದಲ್ಲಿ ಅನಸೂಯಾ ದ್ರವವನ್ನು ನಿಧಾನವಾಗಿ ಇಳಿಸಿ ಚೀಲವನ್ನು ಬಿಡಿಸಿದರು. ಹೆಣ್ಣುಮಗು. ಹೊರಬಂದ ಕೂಡಲೇ ಅದು ಅಂಗಾತ ಕೈಕಾಲು ಆಡಿಸಿ ಇಡೀ ಕೇಂದ್ರಕ್ಕೆ ಕೇಳುವಂತೆ ಅತ್ತಿತು. ಶರೀಫಾ ಅದನ್ನು ಎದೆಗೊತ್ತಿಕೊಂಡು ಜಗುಲಿಗೆ ಬಂದಳು. ಹೊರಗೆ ಹಳೆಯ ಬೇವಿನ ಮರದ ನೆರಳಲ್ಲಿ ಊರಿನ ಅರ್ಧ ಜನ ನೆರೆದಿದ್ದರು. ಅವಳು ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ನೋಡ್ರಿ," ಎಂದಳು. "ನಮ್ಮೂರಾಕಿ."

ಫೋಟೊ ತೆಗೆಯುವವರು ಮಡಿಲಿನ ಪಕ್ಕ ನಿಲ್ಲುವಂತೆ ಅನಸೂಯಾರನ್ನು ಕರೆದರು. ಅವರು ತಲೆಯಾಡಿಸಿ, ಜಗುಲಿಯ ಮೆಟ್ಟಿಲ ಮೇಲೆ ಜನರ ನಡುವೆ ಹೋಗಿ ಕೂತರು. ಕಣ್ಣೊರೆಸಿಕೊಳ್ಳಲು ಅವರು ಮುಖ ತಿರುಗಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶರೀಫಾಳಿಗೆ ಜೊಂಪು ಹತ್ತಿತು. ದಾವಲ ಮಗುವನ್ನು ಇಸಿದುಕೊಂಡು ಜಗುಲಿಯ ಕಂಬಕ್ಕೆ ಒರಗಿ ಕೂತ. ಮಗು ಅವನ ಎದೆಯ ಮೇಲೆ ಮುಷ್ಟಿ ಬಿಗಿದು ನಿದ್ದೆ ಹೋಯಿತು. ಕಾಲು ಜೋಮು ಹಿಡಿದರೂ ಅವನು ಕದಲಲಿಲ್ಲ. ಬಿಸಿಲು ಅಂಗಳದಿಂದ ಗೋಡೆಗೆ, ಗೋಡೆಯಿಂದ ಗುಡ್ಡಕ್ಕೆ ಏರಿತು. ಅಷ್ಟು ಹೊತ್ತೂ ಅವನು ಹಾಗೇ ಕೂತಿದ್ದ, ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ.